ಏಡಿ ಹಡಗೂ ನಮ್ಮ ಅತ್ತೆಯ ಊಟವೂ

ಬೇರೆಯವರ ಮನೆಯಲ್ಲಿ ಟಿ.ವಿ. ಹಚ್ಚಿದರೆ ಹೊತ್ತು ಹೋಗುತ್ತದೆ. ನಮ್ಮ ಮನೆಯಲ್ಲಿ ಹೊತ್ತಿನ ಜೊತೆಗೆ ನನ್ನ ಅರ್ಧ ಜೀವವೂ ಹೋಗುತ್ತದೆ. ಒಂದು ಸಲ ಆದರೆ ಗ್ರಹಚಾರ ಎನ್ನಬಹುದು. ವಾರ ವಾರವೂ ಆದರೆ ಏನೆನ್ನಬೇಕೋ ಗೊತ್ತಾಗದೆ ಬರೆದಿಡುತ್ತಿದ್ದೇನೆ.

ನಾವು ಕೋಲ್ಕತಾದ ಲೇಕ್ ಮಾರ್ಕೆಟ್ ಹತ್ತಿರ ಒಂದು ಮೂರನೇ ಮಹಡಿಯ ಫ್ಲಾಟಿನಲ್ಲಿದ್ದೇವೆ. ನಾನು ಮೈಸೂರಿನ ಕಡೆಯವಳು. ನಮ್ಮವರು ಧಾರವಾಡದವರು, ಇಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸುರಕ್ಷತೆಯ ಸುತ್ತೋಲೆ ಬರೆಯುವ ಕೆಲಸ. ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳು ಹುಟ್ಟಿದ್ದೇ ಇಲ್ಲಿ, ಹಾಗಾಗಿ ಅವಳ ಕನ್ನಡವನ್ನು ಅರ್ಥ ಮಾಡಿಕೊಳ್ಳಲು ಹಿಂದಿ ಬಂದಿರಬೇಕು. ಇನ್ನು ನಮ್ಮ ಅತ್ತೆ. ಎಂಬತ್ತರ ಹತ್ತಿರ ವಯಸ್ಸು, ಕಣ್ಣು ಚುರುಕು, ನಾಲಿಗೆ ಇನ್ನೂ ಚುರುಕು, ಆದರೆ ಸಕ್ಕರೆ ಕಾಯಿಲೆ.

ಈ ಮನೆಯಲ್ಲಿ ನನ್ನ ಮುಖ್ಯ ಕೆಲಸವೆಂದರೆ ಅತ್ತೆಗೆ ಹೊತ್ತಿಗೆ ಸರಿಯಾಗಿ ಊಟ ಹಾಕುವುದು. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ಅವರ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಒಮ್ಮೆ ತಡವಾಗಿ, ಕೂತಲ್ಲೇ ಬೆವೆತು, ಮಾತು ತೊದಲಿ, ನನ್ನನ್ನೇ ಹಿಡಿದು "ನೀ ಯಾರವಾ?" ಎಂದು ಕೇಳಿದ್ದರು. ಅವತ್ತಿನಿಂದ ನನಗೆ ಗಡಿಯಾರ ಕಂಡರೆ ಭಯ.

ಜೋಳ ಹಾಕಬಾರದೇನು?

ಸಂಜೆ ಏಳು ಗಂಟೆಗೆ ಅತ್ತೆ ನೋಡುತ್ತಿದ್ದ ಕನ್ನಡ ಚಾನೆಲ್ಲು, ಕೇಬಲ್ಲಿನವನು ಪ್ಯಾಕ್ ಬದಲಿಸಿದ ದಿನ ಮಾಯವಾಯಿತು. ಅದರ ಜಾಗದಲ್ಲಿ ಒಂದು ರಿಯಾಲಿಟಿ ಶೋ ಬಂತು. ಪ್ರಾಣ ಹೋಗುವಂಥ ಕೆಲಸ ಮಾಡುವವರನ್ನು ತೋರಿಸುವುದು. ಹಿಮದ ಕಡಲಿನಲ್ಲಿ ಏಡಿ ಹಿಡಿಯುವವರು, ಆಕಾಶ ಮುಟ್ಟುವ ಮರ ಕಡಿಯುವವರು. ಮಾತೆಲ್ಲ ಹಿಂದಿ. ಅತ್ತೆಗೆ ಹಿಂದಿ ಬಾರದು, ಆದರೆ ಬಿದ್ದವರು ಎದ್ದವರು ಕಾಣಿಸಲು ಭಾಷೆ ಬೇಡವಲ್ಲ. ನಾನು ಬದಲಿಸಲು ಹೋದರೆ, "ಇರ್ಲಿ ಬಿಡವಾ, ಏನ್ ಮಾಡಾಕತ್ತಾರ ನೋಡೂಣು" ಎಂದರು.

ಅರ್ಧ ಗಂಟೆ ಅಲೆ ಹೊಡೆಯಿತು, ಹಗ್ಗ ಹರಿಯಿತು, ನಾಲ್ಕು ಜನ ಸೇರಿ ಕಬ್ಬಿಣದ ಪಂಜರ ಎಳೆದರು. ಒಳಗೇನಿದೆ ಎಂದು ಅತ್ತೆ ಬಗ್ಗಿ ನೋಡಿದರು.

"ಏಡಿ?"

"ಹೂಂ ಅತ್ತೆ."

"ಇಷ್ಟೆಲ್ಲಾ ಒದ್ದಾಡಿ ಏಡಿ? ಇದರಾಗ ಅರ್ಧ ಕಷ್ಟಾ ಪಟ್ಟಿದ್ರ ಎರಡೆಕರೆ ಜೋಳಾ ಬರ್ತಿತ್ತು. ಜೋಳಾ ಹಾಕಬಾರದೇನು ಇವ್ರು?"

ಆ ಹೊತ್ತಿಗೆ ಗಡ್ಡದವನೊಬ್ಬ ಜಾರಿ ಹಡಗಿನ ಅಂಚಿಗೆ ಹೋದ. ಒಂದು ಕೈ ಮಾತ್ರ ಕಾಣುತ್ತಿತ್ತು. ಅಷ್ಟಕ್ಕೆ ಚಿತ್ರ ನಿಂತು "ಮುಂದಿನ ವಾರ" ಎಂದು ಬಂತು. ಅತ್ತೆ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿ ತಟ್ಟೆಯನ್ನು ದೂರ ಸರಿಸಿದರು.

"ಅವ ದಂಡಿ ಮುಟ್ಟಿದ ಮ್ಯಾಲ ಉಣ್ಣತೀನಿ."

"ಅದು ಮುಂದಿನ ವಾರ ಅತ್ತೆ! ನೀವು ಮಾತ್ರೆ ನುಂಗಿದ್ದೀರಿ!"

"ಮಾತ್ರಿ ನುಂಗೀನಿ ಅಂತ ಎದೀನೂ ನುಂಗಲೇನು? ಅಲ್ಲೊಬ್ಬ ಜೋತು ಬಿದ್ದಾನ, ಇಲ್ಲಿ ನಾ ಬದನಿಕಾಯಿ ತಿನ್ನಲೇನು?"

ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಮಗಳು ಸರಸರನೆ ಫೋನು ಒತ್ತಿ ಒಂದು ಫೋಟೋ ತೋರಿಸಿದಳು. ಗಡ್ಡದವನೊಬ್ಬ ಮನೆಯ ಮುಂದೆ ನಾಯಿ ಹಿಡಿದು ನಗುತ್ತಿದ್ದಾನೆ. "ದೇಖೋ ಅಜ್ಜಿ, ಘರ್ ಬಂದಿದಾನೆ." ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, ಸಮಾಧಾನವಾಗಿ ಎರಡು ರೊಟ್ಟಿ ತಿಂದರು.

ಅಡುಗೆಮನೆಯಲ್ಲಿ ಮಗಳನ್ನು ಕೇಳಿದೆ, "ಅಷ್ಟು ಬೇಗ ಹೇಗೆ ಹುಡುಕಿದೆಯೇ? ಅವನೇ ತಾನೆ?"

"ಪತಾ ನಹೀ ಅಮ್ಮಾ. ಗಡ್ಡ ಇತ್ತು."

ಕಿವಿ

ನಮ್ಮ ಎದುರು ಫ್ಲಾಟಿನಲ್ಲಿ ಒಬ್ಬರು ನಿವೃತ್ತ ಬಂಗಾಳಿ ಮೇಷ್ಟರು. ಏಳು ಗಂಟೆಗೆ ಅವರ ಹೆಂಡತಿ ಧಾರಾವಾಹಿ ನೋಡುವುದರಿಂದ ಅವರು ತಮ್ಮ ಚಹಾದ ಕಪ್ಪು ಹಿಡಿದು ನಮ್ಮ ಸೋಫಾಕ್ಕೆ ಬರುತ್ತಾರೆ. ಮೊದಲ ದಿನವೇ ಆ ಏಡಿಗಳನ್ನು ನೋಡಿ ತೀರ್ಪು ಕೊಟ್ಟರು: "ಕಾಲೇ ಇಷ್ಟುದ್ದ ಇದ್ದರೆ ಮೈಯಲ್ಲಿ ರುಚಿ ಎಲ್ಲಿರುತ್ತೆ? ಇದಕ್ಕೆ ಸಾಸಿವೆ ಅರೆದು ಹಾಕಿದರೂ ದಂಡ."

ನವೆಂಬರ್ ಕೊನೆ. ನಮ್ಮ ಮನೆಯಲ್ಲಿ ಫ್ಯಾನು ಒಂದರಲ್ಲಿ ತಿರುಗುತ್ತಿತ್ತು. ಮೇಷ್ಟರು ಮಂಕಿ ಟೋಪಿ, ಅದರ ಮೇಲೆ ಮಫ್ಲರ್, ಕಾಲಿಗೆ ಉಣ್ಣೆಯ ಚೀಲ ಹಾಕಿಕೊಂಡು ಕೂತಿದ್ದರು. ಪರದೆಯ ಮೇಲೆ ಮೀಸೆಯಲ್ಲೆಲ್ಲ ಮಂಜುಗಡ್ಡೆ ಕಟ್ಟಿಕೊಂಡ ಒಬ್ಬ ಬರಿತಲೆಯಲ್ಲಿ ಹೊರಗೆ ಬಂದ. ಮೇಷ್ಟರು ಎದ್ದೇ ನಿಂತರು.

"ಅಯ್ಯೋ ಕಿವಿ! ಕಿವಿ ಮುಚ್ಚಿಕೊಳ್ಳೋ ಮಾರಾಯ!"

ಅದೇ ಹೊತ್ತಿಗೆ ಮನೆಯಷ್ಟು ಎತ್ತರದ ಅಲೆ ಬಂದು ಅವನನ್ನು ಹಡಗಿನ ಈ ತುದಿಯಿಂದ ಆ ತುದಿಗೆ ಗುಡಿಸಿಕೊಂಡು ಹೋಯಿತು. ನಾವೆಲ್ಲ ಕಿರುಚಿದೆವು. ಅತ್ತೆ ಕಣ್ಣು ಮುಚ್ಚಿ ಎಲ್ಲಮ್ಮನನ್ನು ಕರೆದರು. ಕಡೆಗೆ ಇಬ್ಬರು ಸೇರಿ ಅವನನ್ನು ಎಳೆದುಕೊಂಡರು. ಮೇಷ್ಟರು ಮಾತ್ರ ತಲೆ ಆಡಿಸುತ್ತಾ ಕೂತರು.

"ಪ್ರಾಣವೇನೋ ಉಳಿಯಿತು. ಆದರೆ ಕಿವಿಗೆ ಗಾಳಿ ಹೊಕ್ಕುಬಿಟ್ಟಿದೆ. ಇನ್ನು ಅವನನ್ನು ಯಾರೂ ಕಾಪಾಡೋಕಾಗಲ್ಲ."

ಹದಿನೆಂಟನೆಯ ತಪ್ಪು

ನಮ್ಮವರು ಇಂಥ ಶೋವನ್ನು ಸುಮ್ಮನೆ ನೋಡುವವರಲ್ಲ. ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಪೆನ್ನು. ಮರ ಕಡಿಯುವವರ ಒಂದೇ ಕಂತಿನಲ್ಲಿ ಹದಿನೇಳು ತಪ್ಪು ಬರೆದುಕೊಂಡರು. ಏಣಿಯನ್ನು ಇಟ್ಟ ರೀತಿ ತಪ್ಪು, ಗರಗಸ ಹಿಡಿದ ಕೈ ತಪ್ಪು, ಮರ ಬೀಳುವಾಗ ನಕ್ಕಿದ್ದು ತಪ್ಪು. ಅದನ್ನೆಲ್ಲ ಟೈಪು ಮಾಡಿ ಚಾನೆಲ್ಲಿಗೆ ಮೇಲ್ ಕಳಿಸಿದರು. ನಾಲ್ಕು ದಿನಕ್ಕೆ ಉತ್ತರ ಬಂತು: ನಿಮ್ಮ ಅಭಿಮಾನಕ್ಕೆ ಧನ್ಯವಾದ, ನಿಮ್ಮಂಥವರಿಗಾಗಿಯೇ ಇದಕ್ಕಿಂತ ಅಪಾಯದ ಹೊಸ ಸರಣಿ ಬರಲಿದೆ.

ಅದೇ ವಾರ ನಡುಮನೆಯ ಬಲ್ಬು ಹೋಯಿತು. ನಮ್ಮವರು ಸ್ಟೂಲು ತರಿಸಿದರು. ನಾಲ್ಕು ಕಾಲನ್ನೂ ಅಲ್ಲಾಡಿಸಿ ನೋಡಿದರು. ಮೇನ್ ಸ್ವಿಚ್ ಆರಿಸಿದರು. ಟಿ.ವಿ. ಆರಿದ್ದರಿಂದ ಅತ್ತೆ ಅವತ್ತೊಂದು ದಿನ ಮೇಣದ ಬತ್ತಿಯ ಬೆಳಕಿನಲ್ಲಿ ಹೊತ್ತಿಗೆ ಸರಿಯಾಗಿ ಉಂಡರು, ನಾನು ಮನಸ್ಸಿನಲ್ಲೇ ಆ ಬಲ್ಬಿಗೆ ಕೈಮುಗಿದೆ. ಮಗಳು ಸ್ಟೂಲು ಹಿಡಿದಳು, ಮೇಷ್ಟರಿಗೆ ಟಾರ್ಚು ಕೊಟ್ಟದ್ದಾಯಿತು. ಎಲ್ಲ ಸಿದ್ಧವಾಗಿ ನಮ್ಮವರು ನನ್ನ ಮುಖ ನೋಡಿದರು.

"ಇನ್ನೇನು, ಹತ್ತು."

"ನಾನಾ?"

"ಮತ್ತಿನ್ನ್ಯಾರು? ಮೇಲ್ವಿಚಾರಣೆ ಮಾಡೋವ್ರು ಹತ್ತಬಾರದು. ನಿಯಮ ಐತಿ."

ಹತ್ತಿದೆ. ಹಳೆಯದು ಬಿಚ್ಚಿ ಹೊಸದು ಹಾಕಿದೆ. ಇಳಿದು ನೋಡಿದರೆ ಟಾರ್ಚಿನ ಬೆಳಕಿನಲ್ಲಿ ಬಗ್ಗಿ ಬರೆದುಕೊಳ್ಳುತ್ತಿದ್ದಾರೆ. ಹದಿನೆಂಟನೆಯ ತಪ್ಪು: ಸೆರಗು ಸಿಕ್ಕಿಸಿರಲಿಲ್ಲ.

ಹಿಂದಕ್ಕೆ ನಡೆಯುವವನು

ವಾರ ವಾರವೂ ನನ್ನ ಒದ್ದಾಟ ನೋಡಲಾರದೆ ಮಗಳು ಅಜ್ಜಿಗೆ ತಿಳಿಹೇಳಲು ಕೂತಳು.

"ಅಜ್ಜಿ, ಟೆನ್ಷನ್ ಮತ್ ಲೋ. ಅವರಿಗೇನೂ ಆಗಲ್ಲ. ಎದುರಿಗೇ ಕ್ಯಾಮೆರಾಮ್ಯಾನ್ ಇರ್ತಾನೆ ನಾ."

ಅತ್ತೆ ಹುಬ್ಬು ಗಂಟಿಕ್ಕಿದರು. "ಎಲ್ಲಿ ಇರ್ತಾನ?"

"ಬೋಟ್ ಮೇಲೇ."

"ಆ ಮಳ್ಯಾಗ? ಆ ಗಾಳ್ಯಾಗ?"

"ಹಾಂ ಅಜ್ಜಿ."

"ಇವ್ರು ಮುಂದ ಬಂದಂಗ ಅವ ಹಿಂದಕ್ಕ ನಡೀಬೇಕಲ್ಲ?"

ಮಗಳು ಯೋಚಿಸಿ "ಹಾಂ" ಎಂದಳು. ಅಲ್ಲಿಗೆ ಕೆಲಸ ಕೆಟ್ಟಿತು.

"ಯವ್ವಾ! ಬೆನ್ನ ಹಿಂದ ಸಮುದ್ರ ಐತಿ! ಇವ್ರನ್ನರ ದೇಶಾ ತುಂಬ ಮಂದಿ ನೋಡ್ತಾರ. ಆ ಪಾಪದವ ಬಿದ್ರ ಯಾರಿಗೆ ಗೊತ್ತಾಗಬೇಕು?"

ಅಂದಿನಿಂದ ಅತ್ತೆ ಕಾಯುವುದು ಎರಡೆರಡು ಜೀವಕ್ಕೆ. ಗಡ್ಡದವನಿಗಾದರೆ ಯಾವುದೋ ಗಡ್ಡ ತೋರಿಸಿದ್ದೆವು. ಮುಖವೇ ಕಾಣದವನು ಕ್ಷೇಮ ಎಂದು ಹೇಗೆ ತೋರಿಸುವುದು? ಮಾತ್ರೆ ನುಂಗಿ ಹದಿನೈದು ನಿಮಿಷವಾಗಿತ್ತು. ನಾನು ತಟ್ಟೆ ಹಿಡಿದು ಬೇಡುತ್ತಿದ್ದೆ. ಆಗ ಮೇಷ್ಟರು ಚಹಾ ಕೆಳಗಿಟ್ಟು ಹೇಳಿದ್ದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ: "ಚಿತ್ರ ಬರುತ್ತಾ ಇದೆಯಲ್ಲ, ಅಂದರೆ ಕ್ಯಾಮೆರಾ ಹಿಡಿದವನು ಬಿದ್ದಿಲ್ಲ."

ಅತ್ತೆ ಒಂದು ಕ್ಷಣ ಯೋಚಿಸಿ ಒಪ್ಪಿದರು. "ಮಾಸ್ತರ ಶಾಣ್ಯಾ ಅದಾನ" ಎಂದು ರೊಟ್ಟಿ ಮುರಿದರು. ನನಗೆ ಹೋದ ಜೀವ ಬಂದಂತಾಯಿತು. ಊಟ ಮುಗಿದ ಮೇಲೆ ನಮ್ಮವರು ರಿಮೋಟ್ ಎತ್ತಿದರು.

"ಏ, ಆರಿಸಬ್ಯಾಡೋ! ಕೊಲ್ಲತಿಯೇನು ಅವನ್ನ?"

ಎಲ್ಲಮ್ಮನ ಕೃಪೆ

ಬೇಸಿಗೆ ಬಂತು. ಹೊಸ ಕಂತುಗಳು ಮುಗಿದು ಚಾನೆಲ್ಲಿನವರು ಹಳೆಯದನ್ನೇ ಹಿಂದುಮುಂದಾಗಿ ಹಾಕತೊಡಗಿದರು. ಒಂದು ವಾರ ಹಡಗಿನ ಅಡುಗೆಯವನ ಕೈ ಮುರಿಯಿತು. ಅತ್ತೆ ಹನ್ನೊಂದು ರೂಪಾಯಿಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ಎಲ್ಲಮ್ಮನಿಗೆ ಹರಕೆ ಹೊತ್ತರು. ಮರುವಾರ ಹಳೆಯ ಕಂತು ಬಂತು. ಅದೇ ಅಡುಗೆಯವನು ಎರಡೂ ಕೈಯಲ್ಲಿ ಬಾಣಲೆ ಎತ್ತಿ ನಿಂತಿದ್ದಾನೆ.

"ನೋಡಿದಿ? ಏಳ ದಿನದಾಗ ಕೂಡಿತು!"

ಅದು ಹಳೆಯದು ಎಂದು ನಮ್ಮವರು ವಿವರಿಸಲು ಹೋದರು. ನಾನು ಕಣ್ಣಲ್ಲೇ ಗದರಿಸಿ ಕೂರಿಸಿದೆ. ಅತ್ತೆ ಉಣ್ಣುತ್ತಿದ್ದರು, ನನಗೆ ಅಷ್ಟು ಸಾಕಿತ್ತು. ಮೇಷ್ಟರು ಮಾತ್ರ ಹೋಗುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು:

"ನಿಮ್ಮ ಆ ದೇವಿ ಮಂಡಿ ನೋವಿಗೂ ನೋಡ್ತಾರಾ?"

ಒಂಬತ್ತು ಗಜ

ಏಪ್ರಿಲಿನಲ್ಲಿ ಎ.ಸಿ. ಕೆಟ್ಟಿತು. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಮೆಕ್ಯಾನಿಕ್ ಬಂದ. ನಲವತ್ತೈದರ ಆಸುಪಾಸು, ಮೀಸೆ ಅರ್ಧ ನೆರೆತಿತ್ತು. ಅತ್ತೆ ಆಗಷ್ಟೇ ಮಾತ್ರೆ ನುಂಗಿದ್ದರು, ನಾನು ತಟ್ಟೆಗೆ ಪಲ್ಯ ಹಾಕುತ್ತಿದ್ದೆ.

ಎ.ಸಿ.ಯ ಹೊರಗಿನ ಡಬ್ಬ ಮಲಗುವ ಕೋಣೆಯ ಕಿಟಕಿಯಾಚೆ ಗೋಡೆಗೆ ನೇತಾಡುತ್ತಿದೆ. ಅವನು ಚಪ್ಪಲಿ ಬಿಟ್ಟ, ಗ್ರಿಲ್ಲಿನ ಬಾಗಿಲು ತೆಗೆದ, ಒಂದು ಮೊಳ ಅಗಲದ ಸಜ್ಜಾದ ಮೇಲೆ ಇಳಿದೇಬಿಟ್ಟ. ಒಂದು ಕೈ ನೀರಿನ ಪೈಪಿನ ಮೇಲೆ, ಇನ್ನೊಂದರಲ್ಲಿ ಸ್ಪ್ಯಾನರ್. ಕೆಳಗೆ ಮೂರು ಮಹಡಿ, ಅದರ ಕೆಳಗೆ ರಸ್ತೆ.

ನಮ್ಮವರು ಜೇಬಿನಲ್ಲಿ ಪೆನ್ನು ತಡಕಿದರು. ಪತ್ರಿಕೆ ಕೇಳಲು ಬಂದಿದ್ದ ಮೇಷ್ಟರು ಗೋಡೆ ಹಿಡಿದುಕೊಂಡರು. ಮಗಳು ಮುಖ ತಿರುಗಿಸಿದಳು. ತಿಂಗಳುಗಟ್ಟಲೆ ಸೋಫಾದ ಮೇಲೆ ಕೂತು ಅಪಾಯದ ಕೆಲಸದವರಿಗೆಲ್ಲ ಬುದ್ಧಿ ಹೇಳಿದ್ದ ನಮಗೆ, ಕೈಗೆಟುಕುವಷ್ಟು ದೂರದಲ್ಲಿ ಒಬ್ಬ ನಿಂತಾಗ ಹೇಳಲು ಏನೂ ಇರಲಿಲ್ಲ. ಕೊನೆಗೆ ನಮ್ಮವರು "ಹಗ್ಗ?" ಎಂದರು.

"ಇದೆ ದಾದಾ, ಗಾಡಿಯಲ್ಲಿ" ಎಂದ ಅವನು. "ಅದನ್ನು ಕಟ್ಟಿಕೊಂಡರೆ ತಿರುಗೋಕಾಗಲ್ಲ."

ಅಷ್ಟರಲ್ಲಿ ಅತ್ತೆ ಊಟ ತಡವಾಯಿತೆಂದು ಕೇಳಲು ಒಳಗೆ ಬಂದರು. ಕಿಟಕಿಯಾಚೆ ಬರಿಗಾಲು ಎರಡು ಕಂಡವು.

"ಯಪ್ಪಾ! ಒಳಗ ಬಾರೋ ತಮ್ಮಾ!"

ಅವನಿಗೆ ಕನ್ನಡ ಬಾರದು. ಆಶೀರ್ವಾದ ಎಂದುಕೊಂಡು ನಕ್ಕು, "ಹ್ಯಾಂ ಮಾಶಿಮಾ" ಎಂದ, ಹೂಂ ಚಿಕ್ಕಮ್ಮ ಎನ್ನುವ ಹಾಗೆ. ಅತ್ತೆ ತಿರುಗಿ ತಮ್ಮ ಟ್ರಂಕು ತೆಗೆದರು. ದೀಪಾವಳಿಗೆ ಮಗ ಕೊಡಿಸಿದ್ದ, ಇನ್ನೂ ಮಡಿಕೆ ಮುರಿಯದ ಒಂಬತ್ತು ಗಜದ ಇಳಕಲ್ ಸೀರೆ ಹೊರಗೆ ಬಂತು. ಅದನ್ನು ಹಗ್ಗದ ಹಾಗೆ ಹುರಿ ಮಾಡಿ, ಗ್ರಿಲ್ಲಿನಿಂದ ಕೈ ಹಾಕಿ ಅವನ ಸೊಂಟಕ್ಕೆ ಸುತ್ತಿದರು. ನಮ್ಮವರು ನಡುವೆ ಬಾಯಿ ಹಾಕಿದರು.

"ಅವ್ವಾ, ಗಂಟು ಹಾಕೂದಕ್ಕ ಒಂದು ಪದ್ಧತಿ..."

"ಸುಮ್ಕಿರೋ. ಇದು ಎತ್ತು ಕಟ್ಟೂ ಗಂಟು. ಬಿಚ್ಚಿಕೊಂಡದ್ದು ನಾ ಕಂಡಿಲ್ಲ."

ಇನ್ನೊಂದು ತುದಿಯನ್ನು ಕಬ್ಬಿಣದ ಮಂಚಕ್ಕೆ ಬಿಗಿದು, ಮಂಚ ಸರಿಯಬಾರದೆಂದು ತಾವೇ ಅದರ ಮೇಲೆ ಕೂತರು. ಭಾರ ಸಾಲದೆಂದು ಮಗನನ್ನು ಕೂರಿಸಿದರು, ಮೇಷ್ಟರನ್ನು ಕೂರಿಸಿದರು, ಮೊಮ್ಮಗಳನ್ನೂ ಕೂರಿಸಿದರು. ಹೊರಗೆ ಕೆಂಪು ಸೆರಗು ಗಾಳಿಗೆ ಹಾರುತ್ತಿತ್ತು. ರಸ್ತೆಯಲ್ಲಿ ಜನ ಸೇರಿದರು. ನನ್ನ ಕಣ್ಣು ಗಡಿಯಾರಕ್ಕೆ ಹೋಯಿತು. ಮಾತ್ರೆ ನುಂಗಿ ಇಪ್ಪತ್ತು ನಿಮಿಷ.

"ಅತ್ತೆ, ಒಂದು ತುತ್ತು!"

"ಅವ ಒಳಗ ಬರ್ಲಿ."

ನಾನು ಕಿಟಕಿಗೆ ಓಡಿದೆ. "ದಾದಾ, ಬೇಗ ಮುಗಿಸಿ. ನಮ್ಮ ಅತ್ತೆ ಸಕ್ಕರೆ ಮಾತ್ರೆ ನುಂಗಿದ್ದಾರೆ, ನೀವು ಒಳಗೆ ಬರುವ ತನಕ ಊಟ ಮಾಡಲ್ಲವಂತೆ."

ಅವನ ಸ್ಪ್ಯಾನರ್ ನಿಂತಿತು. ಮೂರನೇ ಮಹಡಿಯ ಸಜ್ಜಾದ ಮೇಲೆ ಒಂದು ಕೈಯಲ್ಲಿ ಪೈಪು ಹಿಡಿದು ನಿಂತವನು ನನ್ನತ್ತ ತಿರುಗಿ ಗಾಬರಿಯಿಂದ ಹೇಳಿದ:

"ಏನ್ ಹೇಳ್ತೀರಿ ಅತ್ತಿಗೆ! ಮಾತ್ರೆ ನುಂಗಿ ಖಾಲಿ ಹೊಟ್ಟೇಲಿ ಕೂತಿದ್ದಾರಾ? ನನ್ನ ತಾಯಿಗೂ ಸಕ್ಕರೆ ಇದೆ. ಇದು ತುಂಬಾ ಅಪಾಯ! ಅವರು ಮೊದಲು ತಿನ್ನಲಿ. ಅಲ್ಲೀತನಕ ನಾನು ಒಂದು ನಟ್ಟೂ ಮುಟ್ಟಲ್ಲ."

ಅವನು ಒಳಗೆ ಬಾರದೆ ಇವರು ಉಣ್ಣುವುದಿಲ್ಲ, ಇವರು ಉಣ್ಣದೆ ಅವನು ಕೆಲಸ ಮುಗಿಸುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಅತ್ತೆಯ ಹಣೆಯ ಮೇಲೆ ಬೆವರು ಕಂಡಿತು. ಸೆಕೆಗೋ ಸಕ್ಕರೆಗೋ ನನಗೆ ತಿಳಿಯಲಿಲ್ಲ. ಭಯ ಹೆಚ್ಚಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ.

"ನಟ್ಟೂ ಬೇಡ, ಬೋಲ್ಟೂ ಬೇಡ!" ಎಂದು ಕೂಗಿದೆ. "ಮೊದಲು ನೀವು ಒಳಗೆ ಬನ್ನಿ! ಬೆಳಿಗ್ಗೆಯಿಂದ ಏನು ತಿಂದಿದ್ದೀರಿ?"

ಅವನು ನಾಚಿಕೊಂಡು "ಮುಡಿ" ಎಂದ. ಮಂಡಕ್ಕಿ.

ಒಳಗೆ ಬಂದ. ಅವನ ಎರಡು ಕಾಲೂ ನೆಲ ಮುಟ್ಟಿದ್ದನ್ನು ನೋಡಿ ಅತ್ತೆ ಬಾಯಿ ತೆರೆದರು, ನಾನು ತುತ್ತು ತುರುಕಿದೆ. ಸೊಂಟದಲ್ಲಿ ಸೀರೆ ಕಟ್ಟಿಕೊಂಡೇ ಅವನೂ ನೆಲದ ಮೇಲೆ ಕೂತು ಎಣ್ಣೆಗಾಯಿ ಜೊತೆ ಮೂರು ಕಡಕ್ ರೊಟ್ಟಿ ಕಟಕಟ ಕಡಿದ. ಅತ್ತೆ ಕನ್ನಡದಲ್ಲಿ "ಇನ್ನೊಂದು ಹಾಕವಾ ಅವಂಗ" ಎಂದರೆ, ಅವನು ಬಂಗಾಳಿಯಲ್ಲಿ "ಬೇಡ ಮಾಶಿಮಾ" ಎನ್ನುತ್ತಿದ್ದ. ನಡುವೆ ಯಾರೂ ಅನುವಾದ ಮಾಡಬೇಕಾಗಲಿಲ್ಲ. ಆಮೇಲೆ ಮತ್ತೆ ಹೊರಗಿಳಿದು ಕೆಲಸ ಮುಗಿಸಿದ. ಅಷ್ಟು ಹೊತ್ತೂ ಮಂಚದಿಂದ ಯಾರಿಗೂ ಏಳಲು ಅಪ್ಪಣೆ ಇರಲಿಲ್ಲ.

ಎ.ಸಿ. ಬಿಚ್ಚಿ ಜೋಡಿಸಲು ಅರ್ಧ ಗಂಟೆ ಹಿಡಿಯಿತು. ಆ ಎತ್ತಿನ ಗಂಟು ಬಿಚ್ಚಲು, ಅವನ ಅಷ್ಟೂ ಹತ್ಯಾರ ಬಳಸಿ, ಮುಕ್ಕಾಲು ಗಂಟೆ.

ಮಿಸ್ಡ್ ಕಾಲ್

ಹೊರಡುವಾಗ ಅತ್ತೆ, "ನಾಳೆ ಎಲ್ಲಿ ಹತ್ತತಾನ ಕೇಳು" ಎಂದರು. ಕೇಳಿದೆ. ಐದನೇ ಮಹಡಿ. ಅತ್ತೆಯ ಮುಖ ಸಣ್ಣಗಾಯಿತು. ಅವನಿಗೆ ಅದೂ ಅರ್ಥವಾಯಿತು. ಸಿಯಾಲ್ದಾ ಸ್ಟೇಷನ್ನಿನಿಂದ ಲೋಕಲ್ ರೈಲು ಹಿಡಿದು ಏಳೂವರೆಗೆ ಮನೆ ಸೇರುತ್ತೇನೆ, ಸೇರಿದೊಡನೆ ಒಂದು ಮಿಸ್ಡ್ ಕಾಲ್ ಕೊಡುತ್ತೇನೆ ಎಂದ.

ಕೊಟ್ಟ. ಮರುದಿನವೂ ಕೊಟ್ಟ. ಫೋನು ಒಮ್ಮೆ ಕಿರುಗುಟ್ಟಿದರೆ ಅತ್ತೆ "ಮುಟ್ಟಿದ" ಎಂದು ತಟ್ಟೆ ಕೇಳುತ್ತಾರೆ. ಟಿ.ವಿ. ಹಚ್ಚುವುದೇ ಮರೆತುಹೋಯಿತು. ತಿಂಗಳೊಳಗೆ ಅವನ ಜೊತೆಯವರು ಇನ್ನಿಬ್ಬರು ಸೇರಿಕೊಂಡರು. ಒಬ್ಬ ಬಿದಿರಿನ ಮೇಲೆ ನಿಂತು ಗೋಡೆಗೆ ಬಣ್ಣ ಬಳಿಯುವವನು, ಇನ್ನೊಬ್ಬ ಎತ್ತರದ ಕಟ್ಟಡಗಳ ಗಾಜು ಒರೆಸುವವನು. ನಾವು ಅವರಿಬ್ಬರ ಮುಖವನ್ನೂ ನೋಡಿಲ್ಲ. ದಿನಾ ಸಂಜೆ ಮೂರು ಮಿಸ್ಡ್ ಕಾಲ್. ನಾನು ಈಗ ಮೂರನೆಯದು ಬಂದ ಮೇಲೆಯೇ ಅತ್ತೆಗೆ ಮಾತ್ರೆ ಕೊಡುತ್ತೇನೆ. ಈ ಬುದ್ಧಿ ಮೊದಲೇ ಬಂದಿದ್ದರೆ ಅಷ್ಟು ಗಡ್ಡ ಹುಡುಕುವುದು ತಪ್ಪುತ್ತಿತ್ತು. ಒಂದು ಸಂಜೆ ಗಾಜಿನವನ ಫೋನು ತಡವಾದಾಗ ಅತ್ತೆಗಿಂತ ಹೆಚ್ಚಾಗಿ ನಾನೇ ಬಾಲ್ಕನಿಗೂ ಫೋನಿಗೂ ಓಡಾಡಿದೆ, ಬಂದಾಗ ಸುಮ್ಮನೆ ಕಣ್ಣು ತುಂಬಿತು.

ಮೊನ್ನೆ ಕಾಲಬೈಶಾಖಿ ಬಂತು. ಬಿರುಗಾಳಿ, ಆಲಿಕಲ್ಲು, ದಾರಿಯಲ್ಲೆಲ್ಲ ಮರ ಬಿದ್ದವು. ಏಳೂವರೆಯೊಳಗೆ ಮೂರೂ ಫೋನು ಬಂದವು. ಅತ್ತೆ ಮಾತ್ರೆ ನುಂಗಿ ಊಟ ಮುಗಿಸಿದರು. ನಮ್ಮವರು ಬಂದಾಗ ಎಂಟೂವರೆ. ತಲೆಯಿಂದ ನೀರು ಸುರಿಯುತ್ತಿತ್ತು, ಷೂ ಕೈಯಲ್ಲಿತ್ತು, ಛತ್ರಿಯ ಹಿಡಿ ಮಾತ್ರ ಉಳಿದಿತ್ತು. ಒಳಗೆ ಬಂದು ನೋಡಿದರೆ ತಾಯಿ ಕೈ ತೊಳೆದು ಅಡಿಕೆ ಅಗಿಯುತ್ತಿದ್ದಾರೆ.

"ಅವ್ವಾ, ಇಂಥಾ ಗಾಳಿ, ಇಂಥಾ ಮಳಿ. ನಾ ಇನ್ನೂ ಬಂದಿಲ್ಲ ಅಂತ ಗೊತ್ತಿದ್ದೂ ಉಂಡಿಯೇನು?" ಎಂದರು. ಅವರಿಗೆ ನಿಜವಾಗಿಯೂ ನೋವಾಗಿತ್ತು.

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ನಿಂದೇನಪಾ ಚಿಂತಿ? ದಿನಾ ಕುರ್ಚಿ ಮ್ಯಾಲ ಕುಂಡ್ರಾಂವ ನೀ. ಬಿದ್ರ ಎಷ್ಟು ಬೀಳ್ತಿ?"